ತೋಳ ಅಂದರೆ ಯಾಕೆ ಭಯ, ಯಾಕೆ ಸಿಟ್ಟು? ಮಕ್ಕಳಿಗೆ ಬಿಡಿಸಿ ಹೇಳುವ ಬಗೆ

ನಮ್ಮ ಕರಾವಳಿಯಲ್ಲಿ ತೋಳ ಇಲ್ಲ. ಅದು ಬಯಲಿನ ಪ್ರಾಣಿ. ಒಣ ಹುಲ್ಲು, ಕುರುಚಲು ಗಿಡ, ಕಲ್ಲುಗುಡ್ಡ ಇರುವ ಕಡೆ ಬದುಕುತ್ತದೆ. ಇಲ್ಲಿಯ ಮಳೆ, ಇಲ್ಲಿಯ ದಟ್ಟ ಕಾಡು ಅದಕ್ಕೆ ಆಗುವುದಿಲ್ಲ. ಆದರೂ ನನ್ನ ಕ್ಲಾಸಿನ ಮಕ್ಕಳನ್ನು 'ನಿಮಗೆ ಕಂಡರಾಗದ ಪ್ರಾಣಿ ಯಾವುದು' ಎಂದು ಕೇಳಿದರೆ ಹಾವಿನ ಬೆನ್ನಿಗೇ ತೋಳ ಬರುತ್ತದೆ. ಹುಲಿಯ ಹೆಸರು ಯಾರೂ ಎತ್ತುವುದಿಲ್ಲ. ನವರಾತ್ರಿಗೆ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ಹುಲಿವೇಷದ ಹುಲಿ ಅವರಿಗೆ ಮನೆಯವರ ಹಾಗೆ. ತೋಳ ಮಾತ್ರ ಹೊರಗಿನದು, ಕೆಟ್ಟದ್ದು.

ನಾನು ಹುಟ್ಟಿದ್ದು ಗದಗ ಜಿಲ್ಲೆಯ ಮುಂಡರಗಿ ಕಡೆ, ಕುರಿ ಸಾಕುವ ಮನೆಯಲ್ಲಿ. ಅಂಗಳದಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತಿತ್ತು. ಮದುವೆಯಾಗಿ ಮಂಗಳೂರಿಗೆ ಬಂದೆ, ಇಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರ್ ಆದೆ. ಹಾಗಾಗಿ ತೋಳದಿಂದ ನಿಜವಾಗಿ ನಷ್ಟ ತಿಂದವರನ್ನೂ ಬಲ್ಲೆ, ತೋಳವನ್ನು ಕನಸಲ್ಲೂ ನೋಡದೆ ಹೆದರುವವರನ್ನೂ ಬಲ್ಲೆ. ಈ ಇಬ್ಬರ ಭಯ ಒಂದೇ ಅಲ್ಲ. ಒಂದೇ ಉತ್ತರ ಕೊಟ್ಟರೆ ಇಬ್ಬರಿಗೂ ಅನ್ಯಾಯ.

ನೀವು ಟೀಚರ್ ಆಗಿರಬಹುದು, ಅಪ್ಪ ಅಮ್ಮ ಆಗಿರಬಹುದು, ರಜೆಗೆ ಬಂದ ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿ ಆಗಿರಬಹುದು. ಮಕ್ಕಳು ತೋಳದ ಬಗ್ಗೆ ಕೇಳಿದಾಗ 'ಹೆದರಬೇಡ, ಅದು ಪಾಪದ ಪ್ರಾಣಿ' ಎಂದು ಹೇಳಿ ಮುಗಿಸಬೇಡಿ. ಆ ಭಯ ಯಾರದ್ದು, ಎಲ್ಲಿಂದ ಬಂತು ಎಂದು ಮೊದಲು ಬೇರೆ ಬೇರೆ ಮಾಡಿ. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಚಿತ್ರ ಬರೆಸಿ

ಏನೂ ಹೇಳದೆ ಒಂದೊಂದು ಹಾಳೆ ಕೊಡಿ. 'ತೋಳ ಬರೆಯಿರಿ' ಎನ್ನಿ, ಅಷ್ಟೇ.

ನನ್ನ ಕ್ಲಾಸಿನಲ್ಲಿ ಹೆಚ್ಚಿನ ಮಕ್ಕಳು ದೊಡ್ಡ ಚಂದ್ರ ಬರೆಯುತ್ತಾರೆ. ಚೂಪು ಮರಗಳು, ಬಾಯಿ ತೆರೆದ ಬೂದು ಪ್ರಾಣಿ. ನೆಲಕ್ಕೆ ಬಣ್ಣವೇ ಹಾಕುವುದಿಲ್ಲ. 'ಇದೇನು ಬಿಳಿ ಬಿಟ್ಟಿದ್ದೀಯಲ್ಲ?' ಎಂದರೆ 'ಸ್ನೋ, ಟೀಚರ್' ಎನ್ನುತ್ತಾರೆ. ಹಿಮವನ್ನೇ ಕಾಣದ ಮಕ್ಕಳು, ತೋಳವನ್ನೂ ಕಾಣದವರು, ಎರಡನ್ನೂ ಒಟ್ಟಿಗೆ ಬರೆಯುತ್ತಾರೆ. ಅವರ ತೋಳ ಕಾರ್ಟೂನಿನಿಂದ, ಇಂಗ್ಲಿಷ್ ಕಥೆ ಪುಸ್ತಕದಿಂದ ಬಂದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ನಮ್ಮ ತೋಳದ ಬಗ್ಗೆ ಹೇಳಿ. ಭಾರತದ ಬಯಲಿನ ತೋಳ ಸುಮಾರು 20 ಕಿಲೋ ತೂಗುತ್ತದೆ. ಯುರೋಪ್, ಅಮೆರಿಕದ ತೋಳಗಳು 40 ಕಿಲೋ ದಾಟುವುದುಂಟು. ನಮ್ಮದು ಸಪೂರ. ಉದ್ದ ಕಾಲು, ದೊಡ್ಡ ಕಿವಿ, ಗಿಡ್ಡ ಕೂದಲು, ಒಣ ಹುಲ್ಲಿನ ಜೊತೆ ಬೆರೆತುಹೋಗುವ ಕಂದು-ಬೂದು ಬಣ್ಣ. ಹಿಂಡು ಕೂಡ ಚಿಕ್ಕದು. ಅಪ್ಪ, ಅಮ್ಮ, ಆ ವರ್ಷದ ಮರಿಗಳು, ಕೆಲವು ಸಲ ಹಿಂದಿನ ವರ್ಷದವು. ಅಂದರೆ ಒಂದು ಕುಟುಂಬ. ಕೃಷ್ಣಮೃಗ, ಮೊಲ, ಇಲಿ ತಿನ್ನುತ್ತದೆ. ಸಿಕ್ಕರೆ ಕುರಿ, ಮೇಕೆ.

ಇಲ್ಲಿ ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ: 'ಟೀಚರ್, ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ರಾತ್ರಿ ಊಳಿಡುವುದು ತೋಳವಾ?' ಅಲ್ಲ, ಅದು ನರಿ. ತುಳುವಿನವರು ಕುದುಕೆ ಎನ್ನುವುದು ಅದನ್ನೇ. ತೋಳಕ್ಕಿಂತ ತುಂಬ ಚಿಕ್ಕದು, ಗಿಡ್ಡ ಕಾಲು. ಘಟ್ಟದ ಕಡೆಯ ಮಕ್ಕಳಿದ್ದರೆ ಸೀಳುನಾಯಿಯ ಮಾತೂ ಬರುತ್ತದೆ. ಅದರ ಮೈ ಕೆಂಪು, ಬಾಲ ಕಪ್ಪು ಮತ್ತು ಪೊದೆ ಪೊದೆ. ಊಳಿಡುವುದಕ್ಕಿಂತ ಸಿಳ್ಳೆ ಹಾಕುವುದೇ ಜಾಸ್ತಿ. ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಸೀಳುನಾಯಿ ಉಂಟು, ಕರೆದುಕೊಂಡು ಹೋಗಿ ತೋರಿಸಿ. ಮೂರನ್ನೂ ಬೇರೆ ಬೇರೆ ಗುರುತಿಸಲು ಬಂದ ಮಗುವಿಗೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಕೊನೆಗೆ ಇನ್ನೊಂದು ಹಾಳೆ ಕೊಟ್ಟು ಮತ್ತೆ ಬರೆಸಿ. ಈ ಸಲ ಜಾಲಿ ಮರ, ಒಣ ಹುಲ್ಲು, ದೂರದಲ್ಲಿ ಕುರಿ ಹಿಂಡು. ಮೊದಲ ಚಿತ್ರವನ್ನು ಹರಿಯಬೇಡಿ. ಅದು ಮುಂದಿನ ಪಾಠಕ್ಕೆ ಬೇಕು.

ಕಥೆಯನ್ನು ಕಿತ್ತುಕೊಳ್ಳಬೇಡಿ, ಕಥೆಗೆ ಒಂದು ಊರು ಕೊಡಿ

ಕೆಲವು ಹೆತ್ತವರು ತೋಳದ ಕಥೆಯನ್ನೇ ಮನೆಯಲ್ಲಿ ನಿಲ್ಲಿಸಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಜ್ಜಿಯ ವೇಷ ಹಾಕಿದ ತೋಳ, ಹಂದಿಮರಿಗಳ ಮನೆ ಊದಿ ಬೀಳಿಸಿದ ತೋಳ ಇವೆಲ್ಲ ಮಕ್ಕಳಿಗೆ ತುಂಬ ಇಷ್ಟ. ಹೆದರುತ್ತಾ ಕೇಳುವ ಸುಖವೇ ಬೇರೆ. ಕಥೆ ಇರಲಿ. ಮುಗಿದ ಮೇಲೆ ಒಂದು ಪ್ರಶ್ನೆ ಸೇರಿಸಿ: ಈ ಕಥೆ ಯಾವ ಊರಿನದ್ದು? ಅಲ್ಲಿಯವರಿಗೆ ಯಾಕೆ ಅಷ್ಟು ಭಯ?

ಭಯಕ್ಕೆ ಅಲ್ಲಿ ಕಾರಣ ಇತ್ತು. ಹಳೆಯ ಯುರೋಪಿನಲ್ಲಿ ಊರಿನ ಅಂಚಿಗೇ ಕಾಡು. ತಿಂಗಳುಗಟ್ಟಲೆ ಚಳಿಗಾಲ. ಮನೆಯ ಆಸ್ತಿಯೆಲ್ಲ ಕುರಿ, ಹಸು. ಅವನ್ನು ಕಾಯಲು ಒಂಟಿಯಾಗಿ ಹೋಗುತ್ತಿದ್ದವರು ಚಿಕ್ಕ ಮಕ್ಕಳು. ಹುಚ್ಚು ಹಿಡಿದ ಪ್ರಾಣಿ ಕಚ್ಚಿದರೆ ಔಷಧಿ ಇರಲಿಲ್ಲ. ಫ್ರಾನ್ಸಿನ ಜೆವೊದಾನ್ ಎಂಬ ಗುಡ್ಡಗಾಡಿನಲ್ಲಿ 1764ರಿಂದ 1767ರವರೆಗೆ ತೋಳದಂಥ ಪ್ರಾಣಿಯ ದಾಳಿಗೆ ಸುಮಾರು ನೂರು ಜನ ಸತ್ತರು. ಹೆಚ್ಚಿನವರು ದನ-ಕುರಿ ಕಾಯುತ್ತಿದ್ದ ಹೆಂಗಸರು ಮತ್ತು ಮಕ್ಕಳು. ದೊರೆ ತನ್ನ ಬೇಟೆಗಾರರನ್ನೇ ಕಳಿಸಬೇಕಾಯಿತು. ಅಂಥ ಕಡೆ ತೋಳ ರಾಕ್ಷಸನಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ತೋಳದ ಸಂತಾನವೇ ಉಳಿಯಲಿಲ್ಲ. ಜಪಾನಿನಲ್ಲಿ 1905ರಲ್ಲಿ ಸಿಕ್ಕ ತೋಳವೇ ಕೊನೆಯದು.

ಮಕ್ಕಳ ಮೊದಲ ಚಿತ್ರವನ್ನು ಈಗ ಹೊರಗೆ ತೆಗೆಯಿರಿ. ಆ ಹಿಮ, ಆ ಚೂಪು ಮರ ಯಾವ ಊರಿನದ್ದು ಎಂದು ಅವರೇ ಹೇಳುತ್ತಾರೆ. ಭಯವನ್ನು ಯಾರೂ ಹೀಯಾಳಿಸಿಲ್ಲ, ಅದು ಎಲ್ಲಿಂದ ಬಂತು ಎಂದು ತೋರಿಸಿಕೊಟ್ಟಿದ್ದೇವೆ, ಅಷ್ಟೇ.

ನಮ್ಮದೇ ಮಾತೊಂದನ್ನೂ ಇಟ್ಟುಕೊಳ್ಳಿ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.' ಕೈಲಾಗದವನ ಮೇಲೆ ಎಲ್ಲರೂ ಎರಗುವುದಕ್ಕೆ ಈ ಗಾದೆ ಬಳಸುತ್ತೇವೆ. ನಾನು ಮಕ್ಕಳಿಗೆ ಕೇಳುವುದು ಬೇರೆ. ಆ ಹಳ್ಳದ ದಂಡೆಯಲ್ಲಿ ನಿಂತವರು ಯಾರು? ಪ್ರತಿಯೊಬ್ಬರ ಕೈಯಲ್ಲೂ ಕಲ್ಲು ಯಾಕೆ? ಉತ್ತರ ಬಯಲುಸೀಮೆಯಲ್ಲಿದೆ. ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ.

ಕುರಿಯವರ ಸಿಟ್ಟನ್ನು ಪೂರ್ತಿ ಹೇಳಿ

ಪ್ರಾಣಿಪ್ರೀತಿಯ ಪಾಠಗಳಲ್ಲಿ ಕುರಿಗಾಹಿ ಒಂದೋ ಇರುವುದೇ ಇಲ್ಲ, ಇದ್ದರೆ ತಿಳಿವಳಿಕೆ ಇಲ್ಲದ ಮನುಷ್ಯ. ನನಗೆ ಇದು ನೋವಿನ ವಿಷಯ. ನನ್ನ ಅಪ್ಪ, ಅಜ್ಜ, ಕಾಕಾಗಳೆಲ್ಲ ಕುರಿ ಕಾದವರು. ತೋಳದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಮೊದಲು ಕಲಿಸಿದವರು ಅವರೇ.

ಒಂದು ಆಟ ಆಡಿಸಿ. ಪ್ರತಿ ಮಗುವಿಗೂ ಇಪ್ಪತ್ತು ಹುಣಸೆಬೀಜ ಕೊಡಿ. ಇವು ನಿಮ್ಮ ಕುರಿ. ಒಂದು ಕುರಿ ಮಾರಿದರೆ ಶಾಲೆ ಚೀಲ, ಯೂನಿಫಾರಂ. ಎರಡು ಮಾರಿದರೆ ಅಜ್ಜನ ಆಸ್ಪತ್ರೆ ಖರ್ಚು. ಇದರಲ್ಲಿ ಐದು ನಿಮ್ಮದಲ್ಲ, ಪಾಲಿಗೆ ಮೇಯಿಸಲು ಊರಿನವರು ಕೊಟ್ಟದ್ದು, ಕಳೆದರೆ ನೀವೇ ಉತ್ತರ ಕೊಡಬೇಕು. ಮಕ್ಕಳು ಬೀಜಗಳನ್ನು ಸಾಲಾಗಿ ಜೋಡಿಸಿ ಹೆಸರಿಡಲು ಶುರು ಮಾಡುತ್ತಾರೆ. ಆಗ ನೀವು ಮೇಜಿನಿಂದ ಮೇಜಿಗೆ ಹೋಗಿ, ಒಬ್ಬರ ಬೀಜ ಮುಟ್ಟದೆ, ಇನ್ನೊಬ್ಬರದ್ದು ಆರು ಬೀಜ ಎತ್ತಿಕೊಳ್ಳಿ. ಏನೂ ವಿವರಿಸಬೇಡಿ.

ಕೂಗಾಟ ಆಗುತ್ತದೆ. 'ಅವನದ್ದು ಯಾಕೆ ತೆಗೀಲಿಲ್ಲ?' 'ಆರು ಯಾಕೆ, ಒಂದು ಸಾಕಲ್ವಾ?' ಈ ಎರಡು ಪ್ರಶ್ನೆಗಳಲ್ಲೇ ಕುರಿಯವರ ಸಿಟ್ಟೆಲ್ಲ ಬಂದುಬಿಡುತ್ತದೆ. ಒಂದೊಂದಾಗಿ ಉತ್ತರ ಕೊಡಿ.

ಒಬ್ಬನಿಗೇ ಯಾಕೆ? ನಷ್ಟ ಹಾಗೆಯೇ ಬರುವುದು. ಇಡೀ ಜಿಲ್ಲೆಯ ಲೆಕ್ಕದಲ್ಲಿ ತೋಳ ತಿಂದ ಕುರಿ ಕಡಿಮೆ ಕಾಣಬಹುದು. ರೋಗ ಬಂದು ಸಾಯುವ ಕುರಿಗಳೇ ಜಾಸ್ತಿ ಇರಬಹುದು. ಆದರೆ ತೋಳದ ಪೆಟ್ಟು ಒಂದು ರಾತ್ರಿ, ಒಂದು ಹಟ್ಟಿಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಎದ್ದು ನೋಡುವವನಿಗೆ ಜಿಲ್ಲೆಯ ಲೆಕ್ಕ ಹೇಳಿ ಏನು ಪ್ರಯೋಜನ?

ಆರು ಯಾಕೆ? ಜನ ತೋಳವನ್ನು ಕ್ರೂರಿ ಎನ್ನಲು ಇದೇ ದೊಡ್ಡ ಕಾರಣ. 'ಚಿರತೆ ಒಂದನ್ನು ಎತ್ತಿಕೊಂಡು ಹೋಗ್ತದೆ, ತೋಳ ಹಟಕ್ಕೆ ಕೊಂದು ಹಾಕ್ತದೆ' ಎಂದು ನಮ್ಮ ಕಡೆ ಹೇಳುತ್ತಾರೆ. ನಡೆಯುವುದು ಹೀಗೆ. ಬಯಲಲ್ಲಿ ಕೃಷ್ಣಮೃಗದ ಹಿಂಡಿನ ಮೇಲೆ ಬಿದ್ದರೆ ಒಂದು ಸಿಗುತ್ತದೆ, ಉಳಿದವು ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಾಯ. ಬೇಟೆ ಅಲ್ಲಿಗೆ ಮುಗಿಯಿತು. ದೊಡ್ಡಿಯೊಳಗೆ ಕುರಿಗಳು ಓಡಲಾರವು. ಬೇಲಿಗೆ ಬಡಿದುಕೊಂಡು ಮತ್ತೆ ತೋಳದ ಕಾಲಬುಡಕ್ಕೇ ಬರುತ್ತವೆ. ಓಡುವುದನ್ನು ಹಿಡಿ ಎನ್ನುವ ಬುದ್ಧಿ ತೋಳದ ಮೈಯಲ್ಲೇ ಇದೆ, ಎದುರಿಗೆ ಓಡಾಟ ನಿಲ್ಲುವವರೆಗೂ ಅದು ಕಚ್ಚುತ್ತದೆ. ಅಷ್ಟರಲ್ಲಿ ಜನ ಎದ್ದು ಕೂಗುತ್ತಾರೆ, ಅದು ಓಡುತ್ತದೆ. ತಿನ್ನದೆ ಬಿಟ್ಟ ಹೆಣಗಳು ಮಾತ್ರ ಉಳಿಯುತ್ತವೆ. ನೋಡಿದವರಿಗೆ ಹಟ ಎಂದೇ ಅನ್ನಿಸುತ್ತದೆ. ಮರಿಗಳಿದ್ದ ಕುಟುಂಬವನ್ನು ಅದು ಸಾಕುತ್ತಿದೆ ಎಂಬುದು ಆ ಹೊತ್ತಿಗೆ ಯಾರ ತಲೆಗೂ ಬರುವುದಿಲ್ಲ.

ಕಾರಣ ತಿಳಿದರೆ ಉಪಾಯವೂ ತಿಳಿಯುತ್ತದೆ. ಹಾರಲಾಗದಷ್ಟು ಎತ್ತರದ ಗಟ್ಟಿ ಬಲೆ ಅಥವಾ ಬೇಲಿ. ಮರಿಗಳು ನಡುವೆ, ಜನ ಸುತ್ತ. ಒಳ್ಳೆಯ ನಾಯಿ. ರಾತ್ರಿ ಬೆಳಕು. ನಮ್ಮ ಹಟ್ಟಿಯಲ್ಲಿ ಗಂಡಸರು ಕಂಬಳಿ ಹೊದ್ದು ಹಿಂಡಿನ ನಾಲ್ಕೂ ಕಡೆ ಮಲಗುತ್ತಿದ್ದರು. ನಿದ್ದೆ ಎಂದರೆ ಅರ್ಧ ಕಿವಿ ತೆರೆದ ನಿದ್ದೆ. ವರ್ಷದ ಎಷ್ಟೋ ತಿಂಗಳು ಹೀಗೆ ಮಲಗಿದವರ ಸಿಟ್ಟನ್ನು ಮಕ್ಕಳಿಗೆ ಹಾಗೆಯೇ ಹೇಳಿ.

ಅದೇ ಮನೆಯಲ್ಲಿ ಇನ್ನೊಂದು ಮಾತೂ ಇತ್ತು. ಮರಿ ಹೋದ ದಿನ ಕಾಕಾ ತೋಳವನ್ನು ಬೈಯುತ್ತಿದ್ದರೆ ಅಜ್ಜ ಹೇಳುತ್ತಿದ್ದದ್ದು, 'ಅದಕ್ಕೂ ಹೊಟ್ಟಿ ಐತಿ, ಅದರ ಪಾಲು ಅದು ಒಯ್ತು.' ಅಜ್ಜ ತೋಳವನ್ನು ಪ್ರೀತಿಸುತ್ತಿದ್ದ ಎಂದು ನಾನು ಹೇಳುವುದಿಲ್ಲ. ನಷ್ಟ ಅವನಿಗೂ ಆಗುತ್ತಿತ್ತು. ಆದರೆ ಬಯಲು ತನ್ನೊಬ್ಬನದ್ದೇ ಅಲ್ಲ ಎಂದು ಗೊತ್ತಿತ್ತು. ಕಾಕಾನ ಸಿಟ್ಟು, ಅಜ್ಜನ ಮಾತು, ಎರಡನ್ನೂ ಮಕ್ಕಳ ಮುಂದಿಡಿ. ಒಂದನ್ನೇ ಆರಿಸಿಕೊಡಬೇಡಿ.

ಬೀಜ ಕಳೆದುಕೊಂಡ ಮಗು ಕೇಳೇ ಕೇಳುತ್ತದೆ, 'ನನ್ನ ಕುರಿಗೆ ದುಡ್ಡು ಯಾರು ಕೊಡ್ತಾರೆ?' ಇದು ಬಹಳ ಒಳ್ಳೆಯ ಪ್ರಶ್ನೆ. ಕಾಡುಪ್ರಾಣಿ ಸಾಕುಪ್ರಾಣಿಯನ್ನು ಕೊಂದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದಕ್ಕೆ ಸತ್ತ ಕುರಿಯನ್ನು ಅಲ್ಲಿಂದ ತೆಗೆಯಬಾರದು, ಫೋಟೋ ತೆಗೆಯಬೇಕು, ಪಶುವೈದ್ಯರು ನೋಡಿ ಬರೆದುಕೊಡಬೇಕು, ಅರ್ಜಿ ಹಾಕಬೇಕು. ಊರಿಂದೂರಿಗೆ ನಡೆಯುವ ಹಿಂಡಿನವನಿಗೆ ಇದು ಸುಲಭವಲ್ಲ. ವೈದ್ಯರು ಬರುವವರೆಗೆ ಹಿಂಡು ಕಾಯುವುದಿಲ್ಲ, ಹುಲ್ಲು ಮುಗಿದರೆ ಮುಂದೆ ಹೋಗಲೇಬೇಕು. ಪರಿಹಾರ ಕೈಗೆ ಬಾರದ ಕಡೆ ವಿಷ ಹಾಕಿದ ಹೆಣ, ಹೊಗೆ ಹಾಕಿದ ಗುಹೆ ಕಾಣುತ್ತವೆ. ತೋಳ ಉಳಿಯಬೇಕು ಎನ್ನುವವರು ಮೊದಲು ಕೇಳಬೇಕಾದದ್ದು ಈ ದುಡ್ಡು ಬೇಗ ಸಿಗುವಂತೆ ಮಾಡಿ ಎಂದು.

ಸಿಟ್ಟಿಗೆ ಸರ್ಕಾರದ ಸಂಬಳವೂ ಸಿಕ್ಕಿದ ಕಾಲವಿತ್ತು. ಬ್ರಿಟಿಷರ ಆಡಳಿತದಲ್ಲಿ ತೋಳ ಕೊಂದು ತಂದವರಿಗೆ ಇನಾಮು ಇತ್ತು. ಮರಿಗಳಿಗೂ ಇತ್ತು. ಹೀಗೆ ಸತ್ತ ತೋಳಗಳ ಲೆಕ್ಕ ಸಾವಿರ ಸಾವಿರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಥೆ ಬದಲಾಯಿತು. ಈಗ ತೋಳ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಎಷ್ಟು ರಕ್ಷಣೆಯೋ ಅದಕ್ಕೂ ಅಷ್ಟೇ. ದೇಶದಲ್ಲಿ ಉಳಿದಿರುವುದು ಸುಮಾರು 3 ಸಾವಿರ ಎಂದು ಅಂದಾಜು. 2022ರ ಎಣಿಕೆಯಲ್ಲಿ ಹುಲಿಗಳೇ 3,682 ಇದ್ದವು. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಪಕ್ಕ ಪಕ್ಕ ಬರೆಯಿರಿ. ತೋಳ ಹುಲಿಗಿಂತ ಕಡಿಮೆ ಎಂದು ನಂಬಲು ಮಕ್ಕಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ, ದೊಡ್ಡವರಿಗೂ ಕೂಡ.

ಮಕ್ಕಳು ಸತ್ತದ್ದನ್ನು ಮುಚ್ಚಿಡಬೇಡಿ

ಐದನೇ ಕ್ಲಾಸಿನ ಮೇಲಿನ ಮಕ್ಕಳಿಗಾದರೆ ಇದನ್ನು ಹೇಳಿ. ಚಿಕ್ಕವರಿಗೆ ಬೇಡ.

'ತೋಳ ಮನುಷ್ಯರನ್ನು ಮುಟ್ಟುವುದೇ ಇಲ್ಲ' ಎನ್ನುವುದು ಸುಳ್ಳು. ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ 1996ರಲ್ಲಿ ಕೆಲವೇ ತಿಂಗಳಲ್ಲಿ 50ಕ್ಕೂ ಹೆಚ್ಚು ಮಕ್ಕಳ ಮೇಲೆ ತೋಳದ ದಾಳಿ ಆಯಿತು, ಹಲವರು ಸತ್ತರು. ಅದೇ ರಾಜ್ಯದ ಬಹರೈಚ್‌ನಲ್ಲಿ 2024ರಲ್ಲಿ ಮತ್ತೆ ಮಕ್ಕಳು ಸತ್ತರು, ಅರಣ್ಯ ಇಲಾಖೆ ತೋಳಗಳನ್ನು ಹಿಡಿಯಬೇಕಾಯಿತು. ನೀವು ಇದನ್ನು ಬಿಟ್ಟು ಹೇಳಿದರೆ ಮಗು ನಾಳೆ ಮೊಬೈಲಿನಲ್ಲಿ ನೋಡುತ್ತದೆ. ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಯಾಕೆ ಹಾಗಾಯಿತು ಎನ್ನುವುದನ್ನೂ ಹೇಳಿ. 1996ರ ಘಟನೆಯನ್ನು ಊರೂರು ತಿರುಗಿ ಪರಿಶೀಲಿಸಿದವರು ವನ್ಯಜೀವಿ ವಿಜ್ಞಾನಿ ಯಾದವೇಂದ್ರದೇವ್ ಝಾಲಾ ಮತ್ತು ಅವರ ಜೊತೆಗಾರರು. ಆ ಊರುಗಳ ಸುತ್ತ ತೋಳ ತಿನ್ನುವ ಕಾಡುಪ್ರಾಣಿ ಉಳಿದಿರಲಿಲ್ಲ. ದನ-ಮೇಕೆಗಳಿಗೆ ಕಾವಲಿತ್ತು, ತುಂಬ ಬಡವರ ಮನೆಯ ಚಿಕ್ಕ ಮಕ್ಕಳಿಗೆ ಇರಲಿಲ್ಲ. ಬಾಗಿಲಿಲ್ಲದ ಗುಡಿಸಲು, ಸಂಜೆ ಒಂಟಿಯಾಗಿ ಹೊರಗೆ ಹೋಗುವ ಮಗು. ಭಯ ಹುಟ್ಟಿದ್ದು ಅಲ್ಲಿ, ಮತ್ತು ಆ ತಾಯಂದಿರ ಭಯಕ್ಕೆ ಯಾರೂ ಎದುರು ಮಾತಾಡುವಂತಿಲ್ಲ.

ಅದರ ಜೊತೆಗೆ ಇನ್ನೊಂದೂ ಹಬ್ಬಿತು. ಕೊಲ್ಲುತ್ತಿರುವುದು ತೋಳವಲ್ಲ, ತೋಳದ ವೇಷದ ಮನುಷ್ಯ ಎಂದು ಗುಲ್ಲೆದ್ದಿತು. ಊರಿಗೆ ಬಂದ ಅಪರಿಚಿತರ ಮೇಲೆ ಜನ ಕೈಮಾಡಿದರು. ಭಯ ದಾರಿ ತಪ್ಪಿದರೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಯಾವುದಕ್ಕೆ ನಿಜವಾಗಿ ಹೆದರಬೇಕು

ಹುಚ್ಚು ರೋಗಕ್ಕೆ, ಅಂದರೆ ರೇಬೀಸ್‌ಗೆ. ನಾರ್ವೆಯ ಪ್ರಕೃತಿ ಸಂಶೋಧನಾ ಸಂಸ್ಥೆಯವರು 2002ರಿಂದ 2020ರವರೆಗೆ ಹಲವು ದೇಶಗಳಲ್ಲಿ ನಡೆದ ತೋಳದ ದಾಳಿಗಳನ್ನು ಒಟ್ಟು ಮಾಡಿದ್ದಾರೆ. ಅವರಿಗೆ ಸಿಕ್ಕ 489 ಜನರಲ್ಲಿ 380 ಮಂದಿಯನ್ನು ಕಚ್ಚಿದ್ದು ಹುಚ್ಚು ಹಿಡಿದ ತೋಳ. ಎಲ್ಲ ಸೇರಿ ಸತ್ತವರು 26. ಹಿಂದಿನ ಕಾಲದ ತೋಳದ ಭಯದಲ್ಲಿ ಈ ರೋಗದ ಪಾಲು ದೊಡ್ಡದು. ಇದ್ದಕ್ಕಿದ್ದಂತೆ ಬೀದಿಗೆ ಬಂದು, ಸಿಕ್ಕಸಿಕ್ಕವರನ್ನು ಕಚ್ಚಿ, ತಿನ್ನದೆ ಓಡುವ ಪ್ರಾಣಿಯನ್ನು ಕಂಡವರು ಭೂತ ಹೊಕ್ಕಿದೆ ಎನ್ನದೆ ಇನ್ನೇನು ಅಂದಾರು?

ಮಂಗಳೂರಿನ ಮಗುವಿಗೆ ಆ ರೋಗ ಬರುವುದಾದರೆ ಹೆಚ್ಚಾಗಿ ನಾಯಿಯಿಂದ. ಹಾಗಾಗಿ ಪಾಠ ಇಲ್ಲಿಗೆ ಉಪಯೋಗಕ್ಕೆ ಬರಲಿ. ನಾಯಿ, ಬೆಕ್ಕು, ನರಿ, ಮಂಗ ಯಾವುದೇ ಕಚ್ಚಿದರೂ, ಪರಚಿದರೂ ತಕ್ಷಣ ಮನೆಯಲ್ಲಿ ಹೇಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು, ಎಲ್ಲ ಡೋಸ್ ಮುಗಿಸಬೇಕು. ಗಾಯದಿಂದ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬುಲಿನ್ (ಗಾಯಕ್ಕೆ ಕೊಡುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾ ಎಂದು ವೈದ್ಯರನ್ನು ಕೇಳಿ. ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ತಡ ಮಾಡದೆ ಗಾಯ ತೊಳೆದು ಲಸಿಕೆ ತೆಗೆದುಕೊಂಡರೆ ರೋಗ ಬಾರದಂತೆ ತಡೆಯಬಹುದು.

ಎಲ್ಲಾದರೂ ಬಯಲುಸೀಮೆಯಲ್ಲಿ ತೋಳ ಎದುರಾದರೆ ಓಡಬಾರದು. ಚಿಕ್ಕ ಮಗುವನ್ನು ಎತ್ತಿಕೊಳ್ಳಿ. ಮುಖ ಅದರ ಕಡೆಗೇ ಇರಲಿ, ಜೋರಾಗಿ ಮಾತಾಡುತ್ತಾ ನಿಧಾನ ಹಿಂದೆ ಸರಿಯಿರಿ. ಹೆಚ್ಚಿನ ಸಲ ಅದು ನಿಮಗಿಂತ ಮೊದಲೇ ಹೊರಟಿರುತ್ತದೆ.

ವಾಟ್ಸಾಪಿನಲ್ಲಿ 'ನಮ್ಮೂರಿಗೆ ತೋಳ ಬಂದಿದೆ' ಎಂಬ ವಿಡಿಯೋ ಬಂದರೆ ಮಕ್ಕಳ ಜೊತೆ ಕೂತು ನೋಡಿ. ಕಾಲು ಉದ್ದವಾ, ಬಾಲ ಯಾವ ಬಣ್ಣ, ಹಿಂದೆ ತೆಂಗಿನ ಮರ ಉಂಟಾ, ಜನ ಯಾವ ಭಾಷೆ ಮಾತಾಡುತ್ತಿದ್ದಾರೆ? ಚಿತ್ರ ಬರೆದ ಮಕ್ಕಳಿಗೆ ಇದು ಸುಲಭ. ನಿಜವೇ ಎಂಬ ಅನುಮಾನ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಗ್ರೂಪಿಗೆ ಕಳಿಸಬೇಡಿ.

ಭಯ ಇದ್ದೂ ಮರ್ಯಾದೆ ಕೊಡುವುದು ನಮಗೆ ಗೊತ್ತಿದೆ

ಇದನ್ನು ನಾನು ಮಂಗಳೂರಿಗೆ ಬಂದ ಮೇಲೆ ಕಲಿತೆ. ತುಳುನಾಡಿನಲ್ಲಿ ಹಂದಿ ಗದ್ದೆ ಹಾಳು ಮಾಡುತ್ತದೆ, ಆದರೆ ಹಂದಿ ರೂಪದ ದೈವ ಪಂಜುರ್ಲಿಗೆ ಕೋಲ ಕೊಡುತ್ತಾರೆ. ಹುಲಿ ಹಟ್ಟಿಯ ಹಸು ಎಳೆದುಕೊಂಡು ಹೋದ ಕಾಲವಿತ್ತು, ಆದರೆ ಹುಲಿಯ ದೈವ ಪಿಲಿಚಾಮುಂಡಿಗೆ ಕೈಮುಗಿಯುತ್ತಾರೆ. ಉಡುಪಿ ಕಡೆ ಚಿರತೆ ಬಾವಿಗೆ ಬಿದ್ದ ಸುದ್ದಿ ಆಗಾಗ ಬರುತ್ತದೆ. ಬಿದ್ದ ಚಿರತೆಗೆ ಅಲ್ಲಿ ಯಾರೂ ಆಳಿಗೊಂದು ಕಲ್ಲು ಹಾಕುವುದಿಲ್ಲ. ಇಲಾಖೆಯವರಿಗೆ ಫೋನ್ ಮಾಡುತ್ತಾರೆ, ಹಗ್ಗ ಹಿಡಿಯಲು ಸೇರಿಕೊಳ್ಳುತ್ತಾರೆ, ಮೇಲೆ ಬಂದರೆ ಸಮಾಧಾನ ಪಡುತ್ತಾರೆ. ಮಾರನೇ ದಿನ ನಾಯಿಯನ್ನು ಒಳಗೆ ಕಟ್ಟುತ್ತಾರೆ. ಹೆದರಿಕೆ ಇದೆ, ಹಗೆ ಇಲ್ಲ.

ಮಕ್ಕಳಿಗೆ ಈ ಉದಾಹರಣೆ ಕೊಡಿ. ಅವರು ಕಣ್ಣಾರೆ ಕಂಡದ್ದು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ, 'ಹಾಗಾದ್ರೆ ತೋಳಕ್ಕೆ ಯಾಕೆ ಯಾರೂ ಹಾಗೆ ಮಾಡುದಿಲ್ಲ ಟೀಚರ್?' ನಾನು ಅಜ್ಜನ ಮಾತು ಹೇಳಿದೆ. ಮಾಡುವವರೂ ಇದ್ದಾರೆ, ಅವರ ಮಾತು ಪುಸ್ತಕಕ್ಕೆ ಬಂದಿಲ್ಲ.

ಕರೆದುಕೊಂಡು ಹೋಗುವುದಾದರೆ

ದೊಡ್ಡ ರಜೆಯಲ್ಲಿ ಬಯಲುಸೀಮೆಗೆ ಹೋಗಿ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆ, 332 ಹೆಕ್ಟೇರ್. ಹಾವೇರಿ ಜಿಲ್ಲೆಯಲ್ಲೂ ಒಂದು ಬಂಕಾಪುರ ಇದೆ, ಅದು ನವಿಲುಧಾಮ. ಮ್ಯಾಪ್ ಹಾಕುವಾಗ ಜಿಲ್ಲೆ ನೋಡಿಕೊಳ್ಳಿ. ಮಂಡ್ಯ ಜಿಲ್ಲೆಯ ಮೇಲುಕೋಟೆ ವನ್ಯಧಾಮ 1974ರಲ್ಲಿ ಆದದ್ದೂ ತೋಳಕ್ಕಾಗಿಯೇ. ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮ ಆಯಿತು. ಎಲ್ಲಿಗೇ ಹೋದರೂ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಬಿಟ್ಟ ಕಡೆ ಮಾತ್ರ ಹೋಗಿ. ಚಳಿಗಾಲ ಮರಿ ಹಾಕುವ ಕಾಲ. ಗುಹೆಯ ಹತ್ತಿರ ಜನ ಓಡಾಡಿದರೆ ತಾಯಿ ಮರಿಗಳನ್ನು ಎತ್ತಿಕೊಂಡು ಜಾಗ ಬದಲಿಸುತ್ತದೆ, ಆ ಓಡಾಟದಲ್ಲಿ ಮರಿ ಸಾಯಬಹುದು. ಮೊಬೈಲಿನಲ್ಲಿ ಊಳಿಡುವ ಸದ್ದು ಹಾಕಬೇಡಿ, ಡ್ರೋನ್ ಹಾರಿಸಬೇಡಿ, ತಿಂಡಿ ಎಸೆಯಬೇಡಿ.

ತೋಳ ಕಾಣದೇ ಇರಬಹುದು. ಕುರಿ ಹಿಂಡು ಖಂಡಿತ ಕಾಣುತ್ತದೆ. ಅಲ್ಲಿ ನಿಲ್ಲಿಸಿ. ಹಟ್ಟಿಯ ನಾಯಿಗಳು ಹೊಸಬರನ್ನು ಹತ್ತಿರ ಬಿಡುವುದಿಲ್ಲ, ಮಕ್ಕಳನ್ನು ಕೈ ಹಿಡಿದುಕೊಂಡು ದೂರದಿಂದಲೇ 'ನಮಸ್ಕಾರ್ರೀ ಅಣ್ಣಾರ' ಎಂದು ಕೂಗಿ, ಅವರು ನಾಯಿಯನ್ನು ಕರೆದ ಮೇಲೆ ಹತ್ತಿರ ಹೋಗಿ. ಬಾಯಿ ತೆರೆದ ಕೂಡಲೇ ತೋಳದ ವಿಷಯ ಎತ್ತಬೇಡಿ, ನಿಮ್ಮನ್ನು ಇಲಾಖೆಯವರು ಎಂದುಕೊಳ್ಳುತ್ತಾರೆ. ಈ ಸಲ ಮಳೆ ಹೇಗಾಯಿತು, ಮೇವು ಸಿಗುತ್ತಿದೆಯಾ, ಯಾವ ಊರಿಂದ ನಡೆದು ಬಂದಿರಿ ಎಂದು ಕೇಳಿ. ಮರಿಗಳನ್ನು ಮುಟ್ಟಬಹುದಾ ಎಂದು ಮಕ್ಕಳು ಕೇಳಲಿ. ತೋಳದ ಮಾತು ತಾನಾಗಿ ಬರುತ್ತದೆ. ಬಂದಾಗ ಮಕ್ಕಳ ಹತ್ತಿರ ನೋಟ್‌ಬುಕ್ ಇರಲಿ. ಎಷ್ಟು ಮರಿ ಹೋದವು, ಪರಿಹಾರ ಕೇಳಿದ್ದಾರಾ, ಸಿಕ್ಕಿತಾ ಎಂದು ಬರೆದುಕೊಳ್ಳಲಿ. ಅರ್ಜಿ ಬರೆಯಲು, ಫೋಟೋ ಕಳಿಸಲು ಅವರಿಗೆ ಸಹಾಯ ಬೇಕಾದರೆ ನೀವು ಅಲ್ಲೇ ಕೂತು ಮಾಡಿಕೊಡಿ.